ಹಿತ್ತಲ ಒಲೆ, ಬೇಸಿಗೆಯ ಗಾಳಿ

(ಚಿತ್ತವಾಡ್ಗಿಯ ಕಲಿಕಾ ಕೇಂದ್ರದಲ್ಲಿ ಮಾಡಿದ ಮಾತು)





ಇವತ್ತು ನಾವು ಹೊಸ ಅಕ್ಷರ ಕಲಿಯುವುದಿಲ್ಲ. ಕಲಿತ ಅಕ್ಷರವನ್ನು ಒಂದು ಕೆಲಸಕ್ಕೆ ಹಚ್ಚೋಣ. ಇವತ್ತಿನ ಪದ 'ಬೆಂಕಿ'. ಬರೆಯಲು ಎರಡೇ ಅಕ್ಷರ. ಆದರೆ ಈ ಎರಡು ಅಕ್ಷರದ ಸಂಗಡ ನಾವು ದಿನಾ ಬದುಕುತ್ತೇವೆ.

ಬೆಂಕಿ ಇಲ್ಲದೆ ರೊಟ್ಟಿ ಇಲ್ಲ. ಬೆಂಕಿ ಇಲ್ಲದೆ ಸಾರು ಇಲ್ಲ. ಬಾಣಂತಿಗೆ ಬಿಸಿ ನೀರಿಲ್ಲ. ಬೆಂಕಿಯನ್ನು ನಮ್ಮಷ್ಟು ಬಲ್ಲವರು ಮನೆಯಲ್ಲಿ ಇನ್ಯಾರು ಇದ್ದಾರೆ ಹೇಳ್ರಿ? ಹಸಿ ಕಟ್ಟಿಗೆ ಯಾವುದು, ಒಣ ಕಟ್ಟಿಗೆ ಯಾವುದು, ಉರಿ ಎಷ್ಟಿರಬೇಕು, ಯಾವಾಗ ತಗ್ಗಿಸಬೇಕು, ಎಲ್ಲವೂ ನಿಮಗೆ ಗೊತ್ತು.

"ಹಂಗಾದ್ರೆ ನಮಗ್ಯಾಕ್ರಿ ಈ ಮಾತು?" ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಇವತ್ತು ನಾವು ಹೇಳುವುದು ಅಡುಗೆ ಮನೆಯ ಬೆಂಕಿಯ ವಿಷಯ ಅಲ್ಲ. ಬೇಸಿಗೆಯಲ್ಲಿ ಹೊರಗೆ ಬರುವ ಬೆಂಕಿಯ ವಿಷಯ. ಅದರ ಗುಣವೇ ಬೇರೆ.

ಒಲೆ ಹೊರಗೆ ಬರುವ ಕಾಲ

ನಮ್ಮ ಹೊಸಪೇಟೆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಒಳಗೆ ಒಲೆ ಹಚ್ಚಿದರೆ ಕೂಡಲು ಆಗುವುದಿಲ್ಲ. ಆಗ ಒಲೆ ಹಿತ್ತಲಿಗೆ ಬರುತ್ತದೆ. ಅಂಗಳಕ್ಕೆ ಬರುತ್ತದೆ.

ಬೇಸಿಗೆಯಲ್ಲಿ ಹೊರಗಿನ ಕೆಲಸವೂ ಹೆಚ್ಚು. ಸಂಡಿಗೆಗೆ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಬೇಕು. ಮದುವೆ ಮನೆಗೆ ದೊಡ್ಡ ಒಲೆ ಹೂಡಬೇಕು. ಹಬ್ಬಕ್ಕೆ ಕುರಿ ಕೊಯ್ದರೆ ತಲೆ, ಕಾಲು ಸುಡಬೇಕು. ಸ್ನಾನದ ಹಂಡೆ ಹೇಗೂ ಹೊರಗೇ ಇರುತ್ತದೆ. ಪಟ್ಟಣದವರು ಮಾಳಿಗೆ ಮೇಲೆ ಇದ್ದಿಲು ಹಾಕಿ ಕೋಳಿ ಸುಡುವುದನ್ನು ಈಗ ಕಲಿತಿದ್ದಾರೆ. ನಮ್ಮವರು ಮೂರು ಕಲ್ಲು ಇಟ್ಟು ಸುಡುವುದನ್ನು ಯಾವಾಗಲೋ ಕಲಿತಿದ್ದಾರೆ!

ಗ್ಯಾಸ್ ಬಂದಿಲ್ಲವೇ? ಬಂದಿದೆ. 2016ರಲ್ಲಿ ಉಜ್ವಲ ಯೋಜನೆ ಶುರುವಾಯಿತು. ಬಹಳ ಮನೆಗಳಿಗೆ ಸಿಲಿಂಡರ್ ಬಂತು. ಆದರೂ ಹಂಡೆ ನೀರಿಗೆ, ದೊಡ್ಡ ಅಡುಗೆಗೆ ಕಟ್ಟಿಗೆಯೇ ಬೇಕು. ಸಿಲಿಂಡರ್ ಬೇಗ ಮುಗಿದರೆ ದುಡ್ಡು ಎಲ್ಲಿಂದ ತರುವುದು?

ಒಲೆ ಹೊರಗೆ ಬರುವುದು ಕೆಟ್ಟದ್ದಲ್ಲ. ಒಳಗಿನ ಹೊಗೆ ಕುಡಿಯುವುದು ತಪ್ಪುತ್ತದೆ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆದ್ದರಿಂದ ಹೊರಗೆ ಅಡುಗೆ ಮಾಡೋಣ. ಆದರೆ ಹೊರಗೆ ಗಾಳಿ ಇದೆ. ಅದನ್ನು ಮರೆಯಬಾರದು.

ಬೇಸಿಗೆಯ ಬೆಂಕಿ ಯಾಕೆ ಬೇರೆ?

ಮೂರು ಕಾರಣ ಇವೆ.

ಒಂದು, ಎಲ್ಲವೂ ಒಣಗಿರುತ್ತದೆ. ಹುಲ್ಲು, ಕಟ್ಟಿಗೆ, ಚಪ್ಪರದ ಗರಿ, ಬೇಲಿಯ ಮುಳ್ಳು, ಹೊಲದ ಕಬ್ಬಿನ ಸೋಗೆ, ಎಲ್ಲದರಲ್ಲೂ ನೀರಿನ ಪಸೆ ಆರಿರುತ್ತದೆ. ಮಳೆಗಾಲದಲ್ಲಿ ಹತ್ತು ಕಡ್ಡಿ ಗೀರಿದರೂ ಹತ್ತದ ಹುಲ್ಲು, ಬೇಸಿಗೆಯಲ್ಲಿ ಒಂದು ಕಿಡಿಗೆ ಹತ್ತುತ್ತದೆ.

ಎರಡು, ಗಾಳಿ. ಬೆಳಿಗ್ಗೆ ಗಾಳಿ ತಣ್ಣಗೆ, ಮೆಲ್ಲಗೆ ಇರುತ್ತದೆ. ಬಿಸಿಲು ಏರಿದ ಹಾಗೆ ಗಾಳಿ ಜೋರಾಗುತ್ತದೆ. ಒಮ್ಮೊಮ್ಮೆ ಸುಂಟರಗಾಳಿ ಏಳುತ್ತದೆ. ಒಲೆಯ ಕಿಡಿ ಹಾರಿ ಎಲ್ಲಿ ಬೀಳುತ್ತದೋ ಹೇಳಲು ಬಾರದು.

ಮೂರು, ಅದೇ ಕಾಲಕ್ಕೆ ಹಿತ್ತಲು ತುಂಬಿರುತ್ತದೆ. ಸುಗ್ಗಿ ಮುಗಿದಿರುತ್ತದೆ. ಭತ್ತದ ಹುಲ್ಲು, ಜೋಳದ ಸೊಪ್ಪೆ ಬಣವೆ ಆಗಿರುತ್ತದೆ. ಮಳೆಗಾಲಕ್ಕೆಂದು ಕಟ್ಟಿಗೆ, ಕುಳ್ಳು ಕೂಡಿಸಿ ಇಟ್ಟಿರುತ್ತೇವೆ. ಪಕ್ಕದಲ್ಲೇ ದನ ಕಟ್ಟಿರುತ್ತೇವೆ.

ಒಣ ಹುಲ್ಲು, ಜೋರು ಗಾಳಿ, ಒಂದು ಕಿಡಿ. ಈ ಮೂರು ಒಂದು ಕಡೆ ಸೇರಬಾರದು. ಇವತ್ತಿನ ಮಾತೆಲ್ಲ ಇಷ್ಟೇ. ಉಳಿದದ್ದು ಅದನ್ನು ಹೇಗೆ ಮಾಡುವುದು ಎಂಬ ವಿವರ.

ಒಲೆ ಎಲ್ಲಿ ಹೂಡಬೇಕು?

ಬಣವೆಯಿಂದ, ಚಪ್ಪರದಿಂದ, ಗುಡಿಸಲಿನಿಂದ ಹತ್ತು ದೊಡ್ಡ ಹೆಜ್ಜೆ ದೂರ ಇರಲಿ. ಸುಮಾರು 25 ಅಡಿ ಆಗುತ್ತದೆ. ಅಷ್ಟು ಜಾಗ ಇಲ್ಲದ ಮನೆಗಳೂ ಇವೆ. ಅಂಥವರು ಗೋಡೆಯ ಮರೆ ನೋಡಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆ? ಒಂದು ಹಿಡಿ ಒಣ ಮಣ್ಣು ಮೇಲಿನಿಂದ ಬಿಡಿ. ಮಣ್ಣು ಹಾರುವ ಕಡೆಗೆ ಕಿಡಿಯೂ ಹಾರುತ್ತದೆ. ಆ ಕಡೆ ಹುಲ್ಲು ಇರಬಾರದು, ಬಟ್ಟೆ ಒಣ ಹಾಕಿರಬಾರದು.

ಒಲೆಯ ಸುತ್ತ ಎರಡು ಮೂರು ಹೆಜ್ಜೆ ನೆಲ ಗುಡಿಸಿ. ಎಲೆ, ಕಡ್ಡಿ, ಕಾಗದ, ಪ್ಲಾಸ್ಟಿಕ್ ತೆಗೆಯಿರಿ. ನೆಲಕ್ಕೆ ನೀರು ಚಿಮುಕಿಸಿ. ಅಂಗಳಕ್ಕೆ ನೀರು ಹಾಕುವುದು ನಮಗೆ ಹೊಸದಲ್ಲ. ದಿನಾ ಬೆಳಿಗ್ಗೆ ಹಾಕುತ್ತೇವೆ. ಅದೇ ನೀರು ಒಲೆಯ ಸುತ್ತಲೂ ಬೀಳಲಿ.

ಸಾಧ್ಯವಾದರೆ ನೆಲದಲ್ಲಿ ಒಂದು ಗೇಣು ಗುಂಡಿ ತೋಡಿ ಒಲೆ ಹೂಡಿ. ಉರಿಗೆ ಗಾಳಿಯ ಹೊಡೆತ ಕಡಿಮೆ ಆಗುತ್ತದೆ. ಕಟ್ಟಿಗೆ ಹೊರಗೆ ಜಾರುವುದಿಲ್ಲ.

ಒಲೆ ಹಚ್ಚುವ ಮೊದಲು ಒಂದು ಕೊಡ ನೀರು, ಒಂದು ಪುಟ್ಟಿ ಮಣ್ಣು ಪಕ್ಕದಲ್ಲಿ ಇರಲಿ. ಮೊದಲು ನೀರು, ಆಮೇಲೆ ಬೆಂಕಿ. ಇದನ್ನು ಗಾದೆಯಂತೆ ಬಾಯಿಪಾಠ ಮಾಡಿ.

ಸಂಡಿಗೆಯ ಕೆಲಸ ನಸುಕಿನಲ್ಲೇ ಮುಗಿಸುತ್ತಿದ್ದರು ನಮ್ಮ ಹಿರಿಯರು. ಬಿಸಿಲು ಸಿಗಲಿ ಎಂದು ಮಾತ್ರ ಅಲ್ಲ, ಗಾಳಿ ಏಳುವ ಮೊದಲು ಒಲೆ ಆರಲಿ ಎಂದೂ ಹೌದು. ಮಧ್ಯಾಹ್ನ ಗಾಳಿ ಬೀಸುವಾಗ ಯಾರಾದರೂ "ಈಗಲೇ ನೀರು ಕಾಯಿಸು" ಎಂದರೆ, "ಗಾಳಿ ಐತೆ, ತಡೀರಿ" ಎಂದು ಹೇಳುವ ಧೈರ್ಯ ನಮಗೆ ಇರಬೇಕು.

ಇನ್ನೊಂದು ಮಾತು. ಬಣವೆ ಒಟ್ಟುವವರು ಹೆಚ್ಚಾಗಿ ಗಂಡಸರು. ಒಲೆ ಹೂಡುವವರು ನಾವು. ಇಬ್ಬರೂ ಕೂತು ಮಾತಾಡದೆ ಇದ್ದರೆ ಬಣವೆ ಒಲೆಯ ಪಕ್ಕಕ್ಕೇ ಬರುತ್ತದೆ. ಬೆಂಕಿ ಬಿದ್ದ ಮೇಲೆ "ನಿನ್ನಿಂದಲೇ ಆಯಿತು" ಎಂಬ ಮಾತು ಹೆಂಗಸಿಗೆ ಬರುತ್ತದೆ. ಆದ್ದರಿಂದ ಸುಗ್ಗಿಯಲ್ಲೇ ಕೇಳಿ: "ಬಣವಿ ಎಲ್ಲಿ ಒಟ್ತೀರಿ? ನನ್ನ ಒಲಿ ಎಲ್ಲಿ ಇಡಲಿ?" ಇದು ಜಗಳದ ಮಾತಲ್ಲ. ಮನೆ ಉಳಿಸುವ ಮಾತು.

ಉಟ್ಟ ಬಟ್ಟೆ

ಹೊರಗಿನ ಒಲೆ ನೆಲದ ಮೇಲೆ ಇರುತ್ತದೆ. ನಾವು ಬಗ್ಗುತ್ತೇವೆ, ಕೂಡುತ್ತೇವೆ, ಏಳುತ್ತೇವೆ. ಸೆರಗು ಜಾರುತ್ತದೆ. ನೆರಿಗೆ ಉರಿಯ ಬದಿಗೆ ಹೋಗುತ್ತದೆ. ಬೆನ್ನ ಹಿಂದಿನ ಸೆರಗಿಗೆ ಬೆಂಕಿ ಹತ್ತಿದರೆ ನಮಗೆ ಕಾಣುವುದೂ ಇಲ್ಲ.

ಒಲೆಯ ಮುಂದೆ ಸೆರಗು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಹುಡುಗಿಯರು ವೇಲು ತೆಗೆದಿಟ್ಟು ಬರಲಿ. ಅಗಲ ತೋಳಿನ ನೈಟಿ ಬೇಡ. ಬಿಟ್ಟ ಕೂದಲು ಕಟ್ಟಿಕೊಳ್ಳಿ.

ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೆಂಕಿಗೆ ಕರಗುತ್ತದೆ. ಕರಗಿ ಮೈಗೆ ಅಂಟುತ್ತದೆ. ಗಾಯ ಆಳವಾಗುತ್ತದೆ. ನೂಲಿನ ಬಟ್ಟೆಯೂ ಉರಿಯುತ್ತದೆ, ಆದರೆ ಹಾಗೆ ಕರಗಿ ಅಂಟುವುದಿಲ್ಲ. ಒಲೆ ಕೆಲಸಕ್ಕೆ ಒಂದು ಹಳೆ ನೂಲಿನ ಸೀರೆ ಇಟ್ಟುಕೊಳ್ಳಿ. ಬಿಸಿ ಪಾತ್ರೆ ಇಳಿಸಲು ಸೆರಗು ಹಿಡಿಯಬೇಡಿ. ಇಕ್ಕಳ ಅಥವಾ ದಪ್ಪ ಬಟ್ಟೆ ಇರಲಿ.

ಎಣ್ಣೆ, ಪೆಟ್ರೋಲು, ಗ್ಯಾಸು

ಒಲೆ ಹತ್ತುತ್ತಿಲ್ಲ ಎಂದು ಸೀಮೆಎಣ್ಣೆ ಸುರಿಯುವವರು ಇದ್ದಾರೆ. ಅದು ಸಿಗದಿದ್ದರೆ ಬೈಕಿನ ಪೆಟ್ರೋಲು ತೆಗೆಯುವವರೂ ಇದ್ದಾರೆ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಕಡ್ಡಿ ಗೀರಿದ ಕೂಡಲೇ ಆ ಆವಿ ಭಗ್ ಎಂದು ಹತ್ತಿ ಮುಖಕ್ಕೆ ಬರುತ್ತದೆ. ಆರಿದಂತೆ ಕಾಣುವ ಒಲೆಗೆ ಸುರಿದರೂ ಅಷ್ಟೇ. ಕೆಳಗಿನ ಕೆಂಡಕ್ಕೆ ಹತ್ತಿ ಉರಿ ಕೈಯಲ್ಲಿನ ಡಬ್ಬಿಗೇ ಬರುತ್ತದೆ. ಪುರುಳೆ, ತೆಂಗಿನ ಗರಿ, ಒಣ ಕುಳ್ಳು ಇಟ್ಟು ನಿಧಾನವಾಗಿ ಹಚ್ಚಿ. ಐದು ನಿಮಿಷ ತಡವಾದರೆ ಆಗಲಿ.

ಹಪ್ಪಳ, ಬಜಿ ಕರಿಯುವಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಗಿಂತ ಭಾರ. ಅದು ಕೆಳಗೆ ಇಳಿದು ಒಮ್ಮೆಲೇ ಆವಿಯಾಗುತ್ತದೆ. ಉರಿಯುವ ಎಣ್ಣೆಯನ್ನು ನಾಲ್ಕೂ ಕಡೆ ಎರಚುತ್ತದೆ. ದೊಡ್ಡ ಮುಚ್ಚಳ ಅಥವಾ ತಟ್ಟೆಯನ್ನು ಬದಿಯಿಂದ ಸರಿಸಿ ಮುಚ್ಚಿ. ಉರಿ ಹಿಂದಕ್ಕೆ ಎಳೆಯಿರಿ. ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ.

ಮದುವೆ ಅಡುಗೆಯಲ್ಲಿ ಕಟ್ಟಿಗೆ ಒಲೆ, ಗ್ಯಾಸ್ ಒಲೆ ಎರಡೂ ಅಕ್ಕಪಕ್ಕ ಇಡುತ್ತಾರೆ. ಹಾಗೆ ಮಾಡಬಾರದು. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಟ್ಟಿಗೆ ಒಲೆಯೂ ನೆಲದ ಮೇಲೇ ಇರುತ್ತದೆ. ಸಿಲಿಂಡರನ್ನು ದೂರ ಇಡಿ, ನೆರಳಿನಲ್ಲಿ ಇಡಿ, ನೆಟ್ಟಗೆ ನಿಲ್ಲಿಸಿ. ಗ್ಯಾಸಿನ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಹತ್ತಿರದ ಒಲೆ ಆರಿಸಿ, 1906ಕ್ಕೆ ಫೋನ್ ಮಾಡಿ.

ಮಕ್ಕಳು

ಬೇಸಿಗೆ ರಜೆ. ಮಕ್ಕಳೆಲ್ಲ ಮನೆಯಲ್ಲೇ. ಒಲೆಯ ಸುತ್ತ ಓಡಾಟ. ಹಂಡೆಯ ಕುದಿಯುವ ನೀರು, ಇಳಿಸಿ ನೆಲಕ್ಕಿಟ್ಟ ಸಾರಿನ ಪಾತ್ರೆ, ಮಕ್ಕಳಿಗೆ ಬೆಂಕಿಯಷ್ಟೇ ಅಪಾಯ. ಒಲೆಯ ಸುತ್ತ ಸುಣ್ಣದಿಂದಲೋ ರಂಗೋಲಿಯಿಂದಲೋ ಒಂದು ದೊಡ್ಡ ಗೆರೆ ಎಳೆಯಿರಿ. "ಈ ಗೆರೆ ದಾಟಬಾರದು" ಎಂದು ಆಟದಂತೆ ಹೇಳಿಕೊಡಿ. ಅತ್ತೆ ಇರಲಿ, ಅಕ್ಕ ಇರಲಿ, ಒಬ್ಬರು ಮಕ್ಕಳನ್ನೇ ನೋಡಬೇಕು. ಒಲೆ ಉರಿಯುವಾಗ ಬಿಟ್ಟು ಕಾಲುವೆಗೆ ಬಟ್ಟೆ ಒಗೆಯಲು ಹೋಗಬಾರದು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಪಾತ್ರೆ ಇಳಿಸಬಾರದು.

ಬೂದಿಯೊಳಗಿನ ಕೆಂಡ

ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಉರಿಯುವ ಬೆಂಕಿಗೆ ಎಲ್ಲರೂ ಹೆದರುತ್ತಾರೆ. ಆರಿದ ಬೆಂಕಿಗೆ ಯಾರೂ ಹೆದರುವುದಿಲ್ಲ. ಆದರೆ ಅದು ನಿಜವಾಗಿ ಆರಿದೆಯೇ?

ಒಬ್ಬ ತಾಯಿ ಬೆಳಿಗ್ಗೆ ನೀರು ಕಾಯಿಸಿದಳು ಎಂದುಕೊಳ್ಳಿ. ಹತ್ತು ಗಂಟೆಗೆ ಒಲೆಯಲ್ಲಿ ಬರೀ ಬೂದಿ. ಮೇಲೆ ಬೆಳ್ಳಗೆ, ತಣ್ಣಗೆ ಕಾಣುತ್ತದೆ. ಪುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹಾಕಿದಳು. ಕೂಲಿಗೆ ಹೋದಳು. ತಿಪ್ಪೆಯ ಪಕ್ಕ ಬಣವೆ. ಮಧ್ಯಾಹ್ನ ಗಾಳಿ ಎದ್ದಿತು. ಮೇಲಿನ ಬೂದಿ ಹಾರಿತು. ಒಳಗಿನ ಕೆಂಡ ಕಣ್ಣು ಬಿಟ್ಟಿತು. ಆಮೇಲೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಮನೆಯಲ್ಲಿ ಯಾರೂ ಇಲ್ಲ. ಕಟ್ಟಿದ ದನದ ಹಗ್ಗ ಬಿಚ್ಚುವವರೂ ಇಲ್ಲ. ಒಂದು ವರ್ಷದ ಮೇವು ಒಂದು ಗಳಿಗೆಯಲ್ಲಿ ಹೋಗುತ್ತದೆ.

ಬೂದಿ ಕೆಂಡಕ್ಕೆ ಹೊದಿಕೆ ಇದ್ದ ಹಾಗೆ. ಚಳಿಯಲ್ಲಿ ಕಂಬಳಿ ನಮ್ಮ ಮೈಯ ಬಿಸಿ ಕಾಯುವುದಿಲ್ಲವೇ? ಹಾಗೆಯೇ ಬೂದಿ ಕೆಂಡದ ಬಿಸಿ ಕಾಯುತ್ತದೆ. ಹಿಂದೆ ನಮ್ಮ ಅಜ್ಜಿಯರು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಿಗ್ಗೆ ಅದನ್ನೇ ಊದಿ ಒಲೆ ಹಚ್ಚುತ್ತಿದ್ದರು. ಅಂದರೆ ಬೂದಿಯೊಳಗೆ ಬೆಂಕಿ ರಾತ್ರಿಯೆಲ್ಲ ಬದುಕಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಕುಳ್ಳಿನ ಕೆಂಡವಂತೂ ಬಹಳ ಹೊತ್ತು ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಕೆಲಸ ಮುಗಿದ ಮೇಲೆ ಒಲೆಗೆ ನೀರು ಹಾಕಿ. ದೂರ ನಿಂತು, ಸ್ವಲ್ಪ ಸ್ವಲ್ಪ ಹಾಕಿ. ಒಮ್ಮೆಲೇ ಸುರಿದರೆ ಬಿಸಿ ಆವಿ ಕೈಗೆ ಹೊಡೆಯುತ್ತದೆ. ಆಮೇಲೆ ಕೋಲಿನಿಂದ ಕೆದಕಿ. ಮತ್ತೆ ನೀರು ಹಾಕಿ. ಹೊಗೆ, ಸುಂಯ್ ಎಂಬ ಸದ್ದು ನಿಲ್ಲಬೇಕು. ಕೊನೆಗೆ ಅಂಗೈಯ ಹಿಂಭಾಗವನ್ನು ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ ಎಂದು ಅರ್ಥ.

ಪಾತ್ರೆ ತಿಕ್ಕಲು ಒಣ ಬೂದಿ ಬೇಕೇ? ಅದನ್ನು ತಗಡಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಮುಚ್ಚಿ, ಗೋಡೆಯ ಬದಿ ಎರಡು ದಿನ ಬಿಡಿ. ಗೋಣಿಚೀಲ, ಪ್ಲಾಸ್ಟಿಕ್ ಬುಟ್ಟಿ, ಕಾಗದದ ಡಬ್ಬ ಬೇಡ. ಕೆಂಡವನ್ನು ಬರೀ ಮರಳು ಮುಚ್ಚಿ ಬಿಡುವುದೂ ಬೇಡ. ಮರಳಿನ ಕೆಳಗೆ ಬಿಸಿ ಉಳಿಯುತ್ತದೆ. ಬರಿಗಾಲಿನ ಮಗು ಅದರ ಮೇಲೆ ಕಾಲಿಡುತ್ತದೆ.

ಜಾತ್ರೆ, ಕಾಮ, ಅಲಾಯಿ ಕುಣಿ

ನಾವು ಹುಲಿಗಿಗೆ ಹೋಗುತ್ತೇವೆ. ಹುಲಿಗೆಮ್ಮನ ಜಾತ್ರೆ ಬೇಸಿಗೆಯಲ್ಲೇ ಬರುತ್ತದೆ. ಬಯಲಿನಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತೇವೆ. ಪಕ್ಕದಲ್ಲೇ ಇನ್ನೊಬ್ಬರ ಒಲೆ, ಮತ್ತೊಬ್ಬರ ಬಟ್ಟೆಯ ನೆರಳು. ಅಲ್ಲಿಯೂ ಇದೇ ಲೆಕ್ಕ. ಡೇರೆಯ ಪಕ್ಕ ಒಲೆ ಬೇಡ. ಒಂದು ಕೊಡ ನೀರು ಇರಲಿ. ಹೊಳೆಯೊಳಗಿನ ನೆನೆದ ಕಲ್ಲು ತಂದು ಒಲೆ ಹೂಡಬೇಡಿ. ಕಲ್ಲಿನೊಳಗೆ ಸೇರಿದ ನೀರು ಕಾದು ಆವಿಯಾಗಿ ಕಲ್ಲನ್ನು ಸಿಡಿಸಬಹುದು. ದಡದ ಮೇಲಿನ ಒಣ ಕಲ್ಲು ಅಥವಾ ಇಟ್ಟಿಗೆ ಹಾಕಿ. ಹೊರಡುವ ಮೊದಲು ಒಲೆ ಆರಿಸಿ. ನಮ್ಮ ಕೆಂಡ ನಾಳೆ ಬರುವವರ ಕಾಲಿಗೆ ಸಿಗಬಾರದು.

ಮಾರ್ಚಿನಲ್ಲಿ ಕಾಮನನ್ನು ಸುಡುತ್ತಾರೆ. ಮೇಲೆ ಕರೆಂಟಿನ ತಂತಿ ಇರುವ ಕಡೆ, ಓಣಿಯ ಇಕ್ಕಟ್ಟಿನಲ್ಲಿ ಸುಡಬಾರದು. ಟೈರು, ಪ್ಲಾಸ್ಟಿಕ್ ಹಾಕಬಾರದು. ಆ ಹೊಗೆ ವಿಷ.

ಮೊಹರಮ್ಮಿನಲ್ಲಿ ನಮ್ಮ ಭಾಗದ ಊರುಗಳಲ್ಲಿ ಅಲಾಯಿ ಕುಣಿ ತೋಡುತ್ತಾರೆ. ಹಿಂದೂಗಳು, ಮುಸಲ್ಮಾನರು ಸೇರಿಯೇ ಮಾಡುವ ಹಬ್ಬ ಅದು. ಚಂದ್ರನ ಲೆಕ್ಕದ ಹಬ್ಬವಾದ್ದರಿಂದ ವರ್ಷವರ್ಷವೂ ಸುಮಾರು 11 ದಿನ ಮುಂಚೆ ಬರುತ್ತದೆ. ಹಾಗೆ ಬರುತ್ತ ಕೆಲವು ವರ್ಷ ಬೇಸಿಗೆಯಲ್ಲೇ ಬೀಳುತ್ತದೆ. ನೂಕುನುಗ್ಗಲಿನಲ್ಲಿ ಮಕ್ಕಳನ್ನು ಕುಣಿಯ ಹತ್ತಿರ ಬಿಡಬಾರದು. ಸುತ್ತ ಗಳು ಕಟ್ಟಲಿ. ಹಬ್ಬ ಮುಗಿದ ಮೇಲೆ ಕುಣಿಗೆ ನೀರು ಹಾಕಿ ಆಮೇಲೆ ಮುಚ್ಚಲಿ. ಇದನ್ನು ಊರ ಹಿರಿಯರಿಗೆ ಹೇಳಲು ನಾವು ಹಿಂಜರಿಯಬಾರದು.

ಇದ್ದಿಲು ಒಲೆ ಒಳಗೆ ಬೇಡ

ಒಂದೊಂದು ದಿನ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಮಳೆ ಬರುತ್ತದೆ. ಆಗ ಇದ್ದಿಲು ಒಲೆಯನ್ನು, ಕೆಂಡದ ಬುಟ್ಟಿಯನ್ನು ಎತ್ತಿ ಒಳಗೆ ತಂದು ಬಾಗಿಲು ಹಾಕುತ್ತಾರೆ. ಇದು ಬಹಳ ಅಪಾಯ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋವು, ತಲೆ ಸುತ್ತು, ವಾಂತಿ, ಆಮೇಲೆ ಎಚ್ಚರ ತಪ್ಪುತ್ತದೆ. ಮಲಗಿದವರು ಮಲಗಿದಲ್ಲೇ ಸಾಯಬಹುದು. ಹೊರಗಿನ ಕೆಂಡ ಹೊರಗೇ ಇರಲಿ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವವರೂ ಇದನ್ನು ತಿಳಿಯಬೇಕು.

ಮೈಗೆ ಬೆಂಕಿ ಹತ್ತಿದರೆ

ಓಡಬೇಡಿ. ಓಡಿದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ನಿಲ್ಲಿ. ನೆಲಕ್ಕೆ ಮಲಗಿ. ಮುಖ ಮುಚ್ಚಿಕೊಂಡು ಹೊರಳಾಡಿ. ನೋಡಿದವರು ಕಂಬಳಿ ಅಥವಾ ದಪ್ಪ ನೂಲಿನ ಹೊದಿಕೆ ಸುತ್ತಿ ಬೆಂಕಿ ಆರಿಸಿ. ನೀರಿದ್ದರೆ ಸುರಿಯಿರಿ.

ನಿಲ್ಲು, ಮಲಗು, ಹೊರಳು. ಮೂರು ಪದ. ಮಕ್ಕಳಿಗೂ ಹೇಳಿಕೊಡಿ.

ಸುಟ್ಟ ಗಾಯಕ್ಕೆ ಮೊದಲ ಔಷಧಿ ತಣ್ಣೀರು. ಹರಿಯುವ ನೀರನ್ನು 20 ನಿಮಿಷ ಬಿಡಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಹೊಯ್ಯುತ್ತ ಇರಿ. ಬಳೆ, ಉಂಗುರ, ಕಾಲುಂಗುರ ಬೇಗ ತೆಗೆಯಿರಿ. ಆಮೇಲೆ ಊತ ಬಂದರೆ ತೆಗೆಯಲು ಆಗುವುದಿಲ್ಲ. ಅಂಟಿದ ಬಟ್ಟೆ ಕೀಳಬೇಡಿ. ಗುಳ್ಳೆ ಒಡೆಯಬೇಡಿ. ಶುದ್ಧವಾದ ಬಟ್ಟೆ ಸಡಿಲವಾಗಿ ಮುಚ್ಚಿ.

ಅರಿಷಿಣ, ಬೆಣ್ಣೆ, ಸಗಣಿ, ಮಸಿ, ಟೂತ್‌ಪೇಸ್ಟ್ ಯಾವುದೂ ಬೇಡ. ಮಂಜುಗಡ್ಡೆಯೂ ಬೇಡ. ಇವು ಗಾಯವನ್ನು ಕೆಡಿಸುತ್ತವೆ. ಡಾಕ್ಟರಿಗೆ ಗಾಯ ಕಾಣದಂತೆ ಮಾಡುತ್ತವೆ.

ಗಾಯ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಮುಖ, ಕೈ, ಪಾದ, ಗುಪ್ತಾಂಗ ಸುಟ್ಟರೆ ಗಾಯ ಚಿಕ್ಕದಾದರೂ ಹೋಗಬೇಕು. ಚಿಕ್ಕ ಮಗು, ಮುದುಕರು, ಬಸುರಿ ಆದರೆ ತಡ ಮಾಡಬಾರದು.

ಇಲ್ಲಿ ಒಂದು ಮನಸ್ಸಿನ ಮಾತು ಹೇಳಬೇಕು. ಭಾರತದಲ್ಲಿ ಪ್ರತಿ ವರ್ಷ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ಗಂಭೀರ ಮಟ್ಟದಲ್ಲಿ ಸುಟ್ಟುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಟ್ಟ ಗಾಯದಿಂದ ಸಾಯುವವರಲ್ಲಿ ಹೆಂಗಸರ ಪಾಲು ಹೆಚ್ಚು. ಗಾಯ ಆದ ಹೆಂಗಸು ಹಲವು ಸಲ ಸೆರಗು ಮುಚ್ಚಿ ಸುಮ್ಮನಿರುತ್ತಾಳೆ. "ಮನಿ ಮಂದಿ ಬೈತಾರ, ಪೊಲೀಸರು ಕೇಳ್ತಾರ, ಖರ್ಚು ಆಗತೈತಿ" ಎಂದು ಹೆದರುತ್ತಾಳೆ. ಎರಡು ದಿನದಲ್ಲಿ ಗಾಯ ಕೀವಾಗುತ್ತದೆ. ಅಕ್ಕಾ, ನಿಮ್ಮ ಮೈ ಖರ್ಚಿಗಿಂತ ದೊಡ್ಡದು. ಪಕ್ಕದ ಮನೆಯವಳು ಹಾಗೆ ಮುಚ್ಚಿಟ್ಟುಕೊಂಡರೆ ನೀವು ಕೈ ಹಿಡಿದು ಕರೆದುಕೊಂಡು ಹೋಗಿ. ಆಕೆಗೆ ಬೆಂಕಿಯನ್ನು ಬೇರೆ ಯಾರಾದರೂ ಹಚ್ಚಿದ್ದರೆ, ಅದನ್ನು ಡಾಕ್ಟರ ಮುಂದೆ ಹೇಳಲು ಆಕೆಗೆ ಧೈರ್ಯ ಕೊಡಿ.

ಗೋಡೆಯ ಮೇಲೆ ಬರೆಯಿರಿ

1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಒಂದು ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಹತ್ತಿಯೂ ಇತ್ತು, ಸಿಡಿಮದ್ದೂ ಇತ್ತು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ವರೆಗೆ ಅಗ್ನಿಶಾಮಕ ಸೇವಾ ವಾರ ಆಚರಿಸುತ್ತಾರೆ. ಸರಿಯಾಗಿ ನಮ್ಮ ಬೇಸಿಗೆಯ ನಡುವೆ ಬರುತ್ತದೆ. ಆ ವಾರ ನಾವೂ ಒಂದು ಕೆಲಸ ಮಾಡೋಣ. ಒಲೆಯ ಹತ್ತಿರದ ಗೋಡೆಯ ಮೇಲೆ ಇದ್ದಿಲಿನಿಂದ ಈ ಅಂಕಿಗಳನ್ನು ದೊಡ್ಡದಾಗಿ ಬರೆಯೋಣ.

ಬೆಂಕಿ ಬಿದ್ದರೆ: 101 ಅಥವಾ 112
ಆಂಬುಲೆನ್ಸ್: 108
ಗ್ಯಾಸ್ ಸೋರಿದರೆ: 1906

ಫೋನ್ ಮಾಡಿದಾಗ ಅಳಬೇಡಿ, ಕೂಗಬೇಡಿ. ಮೊದಲು ಊರು ಹೇಳಿ. ಆಮೇಲೆ ಓಣಿ, ಹತ್ತಿರದ ಗುಡಿ ಅಥವಾ ಶಾಲೆ, ಆಮೇಲೆ ಏನು ಉರಿಯುತ್ತಿದೆ ಎಂಬುದು. ಒಬ್ಬರು ದಾರಿಯಲ್ಲಿ ನಿಂತು ಗಾಡಿಗೆ ದಾರಿ ತೋರಿಸಿ. ಅಷ್ಟರಲ್ಲಿ ಮೊದಲು ಜನ, ಆಮೇಲೆ ದನ, ಕೊನೆಗೆ ಸಾಮಾನು.

ಹೋದ ವರ್ಷ ಈ ಅಂಕಿಗಳನ್ನು ಓದಲು ನಿಮಗೆ ಬೇರೆಯವರು ಬೇಕಾಗಿದ್ದರು. ಈಗ ಬೇಕಿಲ್ಲ. ನೀವೇ ಓದುತ್ತೀರಿ, ನೀವೇ ಒತ್ತುತ್ತೀರಿ.

ನೆನಪಿಡಿ

ಮೊದಲು ನೀರು, ಆಮೇಲೆ ಬೆಂಕಿ.
ಗಾಳಿ ಎದ್ದರೆ ಒಲೆ ಬೇಡ.
ಸೆರಗು ಸೊಂಟಕ್ಕೆ.
ಬಣವೆ ದೂರ, ಮಕ್ಕಳು ದೂರ.
ಬೂದಿ ತಣ್ಣಗಾಗದೆ ತಿಪ್ಪೆಗೆ ಬೇಡ.
ಸುಟ್ಟರೆ 20 ನಿಮಿಷ ತಣ್ಣೀರು.

ಮಾತಾಡಿ, ಬರೆಯಿರಿ

1. ನಿಮ್ಮ ಹಿತ್ತಲಿನಲ್ಲಿ ಒಲೆಗೂ ಬಣವೆಗೂ ಎಷ್ಟು ಹೆಜ್ಜೆ? ಎಣಿಸಿ ಬರೆಯಿರಿ.
2. ನಿಮ್ಮ ಮನೆಯ ಬೂದಿ ಎಲ್ಲಿಗೆ ಹೋಗುತ್ತದೆ?
3. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಯಾಕೆ ಹಾಕಬಾರದು? ಪಕ್ಕದ ಮನೆಯವರಿಗೆ ಹೇಳಿ.
4. ಈ ಪದಗಳನ್ನು ಬರೆಯಿರಿ: ಬೆಂಕಿ, ಗಾಳಿ, ಬೂದಿ, ಕೆಂಡ, ನೀರು.